ಗೇರ್ ‘ಪಿ’ ಬಿಟ್ಟು ಬರ್ತಿಲ್ವಾ? ಎಳೆಯಬೇಡಿ, ಮೊದಲು ಬ್ರೇಕ್ ಲೈಟ್ ನೋಡಿ

ಬೆಳಿಗ್ಗೆ ಏಳೂವರೆ. ಮಗಳ ಸ್ಕೂಲಿಗೆ ಹೊತ್ತಾಗಿದೆ. ಬೇಸ್‌ಮೆಂಟಿನಲ್ಲಿ ಕಾರು ಹತ್ತಿ ಕೂತರೆ ಸ್ಟಾರ್ಟೂ ಆಗಲಿಲ್ಲ, ಗೇರ್ ಲಿವರ್ ‘ಪಿ’ಯಿಂದ, ಅಂದರೆ ಪಾರ್ಕಿಂಗಿನಿಂದ, ಅಲ್ಲಾಡಲೂ ಇಲ್ಲ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ವಾಚ್‌ಮನ್ ಬಂದು "ತಳ್ಳೋಣ ಬನ್ನಿ ಸಾರ್" ಅಂದ. ಪಿಯಲ್ಲಿರುವ ಕಾರನ್ನು ಹತ್ತು ಜನ ತಳ್ಳಿದರೂ ಅದು ಹೋಗುವುದಿಲ್ಲ ಅಂತ ಗೊತ್ತಿತ್ತು, ಆದರೂ ತಳ್ಳಿದೆವು. ಹೋಗಲಿಲ್ಲ. ಮಗಳು ಆಟೋದಲ್ಲಿ ಹೋದಳು.

ಆ ಕಾಯಿಲೆ ಹಿಡಿಯಲು ನನಗೆ ಎರಡು ವಾರ ಬೇಕಾಯಿತು. ನಡುವೆ ಒಂದು ಹೊಸ ಬ್ಯಾಟರಿಯ ದುಡ್ಡೂ ಹೋಯಿತು. ಕೊನೆಗೆ ತಪ್ಪಿತಸ್ಥ ಯಾರು ಅಂದರೆ ಅಂಗಿ ಗುಂಡಿಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಚೂರು. ಅದರ ಕಥೆ ಆಮೇಲೆ ಹೇಳುತ್ತೇನೆ, ನಿಮ್ಮ ಕಾರು ಈಗ ನಿಂತಿದ್ದರೆ ಮೊದಲು ಕೆಲಸದ ಮಾತು.

ಶುರುವಿಗೆ ಒಂದು ವಿಷಯ. ಈ ತೊಂದರೆ ಬರುವುದು ‘ಪಿ’ ಇರುವ ಆಟೋಮ್ಯಾಟಿಕ್ ಕಾರುಗಳಲ್ಲಿ ಮಾತ್ರ. ಸಿವಿಟಿ, ಟಾರ್ಕ್ ಕನ್ವರ್ಟರ್, ಡಿಸಿಟಿ ಬಗೆಯ ಗೇರ್‌ಬಾಕ್ಸ್‌ಗಳೆಲ್ಲ ಆ ಗುಂಪಿಗೆ ಸೇರುತ್ತವೆ. ಮಾರುತಿಯ ಎಜಿಎಸ್ ಥರದ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವ) ಗಾಡಿಯಲ್ಲಿ ಆರ್, ಎನ್ (ನ್ಯೂಟ್ರಲ್), ಡಿ, ಎಂ ಇರುತ್ತವೆ, ಪಿ ಇರುವುದಿಲ್ಲ. ಅಂಥ ಕಾರು ನಿಮ್ಮದಾಗಿದ್ದರೆ ಇದು ನಿಮಗಲ್ಲ.

ಪಿಯಲ್ಲಿ ಎರಡು ಬೀಗ ಇವೆ

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಬೀಗ ಗೇರ್‌ಬಾಕ್ಸಿನ ಒಳಗೆ ಇದೆ. ಚಕ್ರಕ್ಕೆ ಹೋಗುವ ಶಾಫ್ಟಿನ ಮೇಲೆ ಹಲ್ಲುಗಳಿರುವ ಒಂದು ಬಳೆ, ಅದರ ಹಲ್ಲಿನ ಸಂದಿಗೆ ಹೋಗಿ ಕೂರುವ ಬೆರಳಿನಂಥ ಒಂದು ಉಕ್ಕಿನ ತುಂಡು. ಅದಕ್ಕೆ ಪಾರ್ಕಿಂಗ್ ಪಾಲ್ ಅನ್ನುತ್ತಾರೆ. ನೀವು ಪಿ ಹಾಕಿದಾಗ ಇಡೀ ಕಾರನ್ನು ಹಿಡಿದು ನಿಲ್ಲಿಸುವುದು ಆ ಬೆರಳೇ.

ಇನ್ನೊಂದು ಬೀಗ ಲಿವರಿನ ಬುಡದಲ್ಲಿದೆ. ಸೊಲೆನಾಯ್ಡ್ ಎಂಬ ಪುಟ್ಟ ಕಾಯಿಲ್, ಅದಕ್ಕೊಂದು ಪಿನ್ನು. ಇಗ್ನಿಷನ್ ಆನ್ ಇದ್ದು ನೀವು ಬ್ರೇಕ್ ಒತ್ತಿದರೆ ಬ್ರೇಕ್ ಸ್ವಿಚ್ ‘ಕಾಲು ಬ್ರೇಕ್ ಮೇಲಿದೆ’ ಅಂತ ಸುದ್ದಿ ಕಳಿಸುತ್ತದೆ, ಕಾಯಿಲಿಗೆ ಕರೆಂಟು ಹೋಗುತ್ತದೆ, ಪಿನ್ನು ಸರಿಯುತ್ತದೆ, ‘ಟಕ್’ ಅಂತ ಸಣ್ಣ ಸದ್ದು ಬರುತ್ತದೆ. ಆಮೇಲಷ್ಟೇ ಲಿವರ್ ಬಿಡುತ್ತದೆ. ಸುದ್ದಿ ಹೋಗದಿದ್ದರೆ ಬಿಡುವುದಿಲ್ಲ, ಕರೆಂಟಿಲ್ಲದಿದ್ದರೂ ಬಿಡುವುದಿಲ್ಲ.

ಇಂಥ ಬೀಗ ಯಾಕಪ್ಪಾ ಬೇಕಿತ್ತು ಅಂತ ಬೈದುಕೊಳ್ಳುವ ಮುಂಚೆ ಇದನ್ನೂ ಕೇಳಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ಪಿಯಿಂದ ತೆಗೆದ ಕೂಡಲೇ ತಾವಾಗಿ ನುಗ್ಗುತ್ತವೆ ಅಂತ ದೊಡ್ಡ ಗದ್ದಲ ಆಗಿತ್ತು. 1986ರಲ್ಲಿ ಟಿವಿಯಲ್ಲೂ ಬಂತು. 1989ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ತನಿಖೆ ಮುಗಿಸಿ, ಬಹುಪಾಲು ಪ್ರಕರಣಗಳಲ್ಲಿ ಜನ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದಾರೆ ಅಂತ ಹೇಳಿತು. ಅಷ್ಟರಲ್ಲಿ ಆಡಿ ಕಂಪನಿ ಬ್ರೇಕ್ ಒತ್ತದೆ ಗೇರ್ ಬರದ ಹಾಗೆ ಮಾಡಿತ್ತು. ಬೇರೆಯವರೂ ಅದೇ ದಾರಿ ಹಿಡಿದರು. 2010ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಹೊಸ ಆಟೋಮ್ಯಾಟಿಕ್ ಕಾರುಗಳಿಗೆ ಇದು ಕಡ್ಡಾಯ. ಚಿಕ್ಕ ಮಕ್ಕಳು ಕಾರಿನೊಳಗೆ ಆಡುತ್ತಾ ಲಿವರ್ ಎಳೆದು ಕಾರು ಉರುಳಿದ ಘಟನೆಗಳೂ ಆ ಕಾನೂನಿನ ಹಿಂದೆ ಇವೆ. ಹಾಗಾಗಿ ಬೈಯುವುದಾದರೆ ಕೆಟ್ಟ ಸ್ವಿಚ್ಚನ್ನು ಬೈಯಿರಿ, ಬೀಗವನ್ನಲ್ಲ.

ಲಿವರಿಗೆ ಕೈ ಹಾಕುವ ಮುಂಚೆ

ಹ್ಯಾಂಡ್‌ಬ್ರೇಕ್ ಎಳೆಯಿರಿ. ಇದು ಮೊದಲನೆಯದು, ಬಿಡಬೇಡಿ. ನೀವು ಈಗ ಪಿಯನ್ನು ಬಿಡಿಸಲು ಹೊರಟಿದ್ದೀರಿ. ಅದು ಬಿಟ್ಟ ಕ್ಷಣ ಕಾರನ್ನು ಹಿಡಿಯಲು ಬೇರೆ ಏನಾದರೂ ಇರಬೇಕಲ್ವಾ? ಇಳಿಜಾರಾದರೆ ಚಕ್ರಕ್ಕೆ ಕಲ್ಲು ಕೊಡಿ, ಇಳಿಜಾರಿನ ಕೆಳಗಡೆ ಯಾರನ್ನೂ ನಿಲ್ಲಿಸಬೇಡಿ.

ಆಮೇಲೆ ಇಗ್ನಿಷನ್ ನಿಜವಾಗಿ ಆನ್ ಆಗಿದೆಯಾ ನೋಡಿ. ಕೀಲಿ ಎಸಿಸಿಯಲ್ಲಿದ್ದರೆ (ರೇಡಿಯೋ ಥರದವಕ್ಕೆ ಮಾತ್ರ ಕರೆಂಟು ಕೊಡುವ ಜಾಗ) ಬಹಳ ಕಾರುಗಳಲ್ಲಿ ಲಾಕ್ ಬಿಡುವುದಿಲ್ಲ. ರೇಡಿಯೋ ಹಾಡುತ್ತಿದೆ ಅಂದ ಮಾತ್ರಕ್ಕೆ ಆನ್ ಅಂತ ಅಲ್ಲ. ಬಟನ್ ಸ್ಟಾರ್ಟ್ ಕಾರಿನಲ್ಲಿ ಬ್ರೇಕ್ ಒತ್ತದೆ ಬಟನ್ನನ್ನು ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಆನ್‌ಗೆ ಬರುತ್ತದೆ, ಮೀಟರಿನ ಎಲ್ಲ ಲೈಟೂ ಹೊತ್ತಿಕೊಳ್ಳುತ್ತವೆ.

ಬ್ರೇಕ್ ಗಟ್ಟಿಯಾಗಿ ಒತ್ತಿ. ಎಂಜಿನ್ ಆಫ್ ಇದ್ದಾಗ ನಾಲ್ಕಾರು ಸಲ ಬ್ರೇಕ್ ತುಳಿದರೆ ಪೆಡಲನ್ನು ಹಗುರ ಮಾಡುವ ಬೂಸ್ಟರಿನಲ್ಲಿದ್ದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ. ಆಗ ಹಗುರವಾಗಿ ಕಾಲಿಟ್ಟರೆ ಸ್ವಿಚ್ಚಿಗೆ ಗೊತ್ತೇ ಆಗುವುದಿಲ್ಲ. ಮನೆಯ ಹಿರಿಯರು "ಕಾರು ಕೆಟ್ಟಿದೆ" ಅಂತ ಫೋನ್ ಮಾಡಿದಾಗ ನಾನು ಮೊದಲು ಕೇಳುವುದೇ ಇದನ್ನು.

ಇನ್ನೂ ಬರಲಿಲ್ಲವಾ? ಸರಿ, ಈಗ ಎರಡೇ ಎರಡು ಪರೀಕ್ಷೆ. ಬ್ರೇಕ್ ಒತ್ತಿದಾಗ ಹಿಂದೆ ಕೆಂಪು ಲೈಟ್ ಹತ್ತುತ್ತದಾ? ಲಿವರಿನ ಬುಡದಲ್ಲಿ ‘ಟಕ್’ ಅನ್ನುತ್ತದಾ? ಒಬ್ಬರೇ ಇದ್ದರೆ ಮೊಬೈಲನ್ನು ಕಾರಿನ ಹಿಂದೆ ಏನಕ್ಕಾದರೂ ಒರಗಿಸಿ ವಿಡಿಯೋ ಹಾಕಿ ಬಂದು ಬ್ರೇಕ್ ಒತ್ತಿ, ಆಮೇಲೆ ಹೋಗಿ ನೋಡಿ. ಹಿಂದೆ ಗೋಡೆಯಿದ್ದರೆ ಕನ್ನಡಿಯಲ್ಲೇ ಕೆಂಪು ಕಾಣುತ್ತದೆ. ಸದ್ದಿಗೆ ಎಸಿ, ಫ್ಯಾನ್, ಹಾಡು ಎಲ್ಲ ಆಫ್ ಮಾಡಿ, ಕಿವಿಯನ್ನು ಲಿವರಿನ ಹತ್ತಿರ ತನ್ನಿ. ಈ ಎರಡು ಉತ್ತರ ಸಿಕ್ಕಿದರೆ ರೋಗ ಎಲ್ಲಿದೆ ಅನ್ನುವುದು ಹೆಚ್ಚು ಕಡಿಮೆ ಗೊತ್ತಾಗುತ್ತದೆ.

ಮೀಟರೇ ಮಂಕಾಗಿದ್ದರೆ

ಹಾಗಿದ್ದರೆ ಬ್ಯಾಟರಿ. ಗೇರಿನ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಡಿ. ಚೆನ್ನಾಗಿ ಚಾರ್ಜ್ ಆಗಿರುವ ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗೆ ಇಳಿದಿದ್ದರೆ ಅದು ಬರಿದಾಗಿದೆ ಅಂತಲೇ ಲೆಕ್ಕ. ಜಂಪ್ ಕೇಬಲ್ ಹಾಕಿ: ಕೆಂಪು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಒಳ್ಳೆ ಬ್ಯಾಟರಿಯ ಮೈನಸ್ಸಿಗೆ, ಕೊನೆಯದು ಕೆಟ್ಟ ಕಾರಿನ ಎಂಜಿನ್ನಿನ ಬಣ್ಣ ಇಲ್ಲದ ಲೋಹದ ಭಾಗಕ್ಕೆ. ಸತ್ತ ಬ್ಯಾಟರಿಯ ಮೈನಸ್ಸಿಗೇ ಹಾಕಿ ಕಿಡಿ ಹಾರಿಸಬೇಡಿ.

ಲಿವರ್ ಬದಲು ತಿರುಗಿಸುವ ಗುಂಡಿ ಅಥವಾ ಬಟನ್ ಇರುವ ಕಾರುಗಳಲ್ಲಿ, ಎಲೆಕ್ಟ್ರಿಕ್ ಕಾರುಗಳಲ್ಲೂ ಸೇರಿ, ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲೇ ಇರುವುದಿಲ್ಲ. ಪಿ ಬಿಡಿಸುವುದೂ ಮೋಟಾರೇ. ಅಲ್ಲಿ 12 ವೋಲ್ಟಿನ ಬ್ಯಾಟರಿ ಸತ್ತರೆ ಬಹುತೇಕ ಕಾರುಗಳಲ್ಲಿ ಅದನ್ನು ಜಂಪ್ ಮಾಡದೆ ಬೇರೆ ದಾರಿಯಿಲ್ಲ. ಕೆಳಗೆ ಹೇಳುವ ಸ್ಕ್ರೂಡ್ರೈವರ್ ಉಪಾಯ ಅವಕ್ಕೆ ನಡೆಯುವುದಿಲ್ಲ.

ಮೀಟರ್ ಚೆನ್ನಾಗಿದೆ, ಬ್ರೇಕ್ ಲೈಟ್ ಇಲ್ಲ

ಇದು ತುಂಬಾ ಸಾಮಾನ್ಯ, ಮತ್ತು ಖುಷಿಯ ವಿಷಯ ಅಂದರೆ ಅಗ್ಗದ್ದು. ಮೂರು ಬಲ್ಬು ಒಟ್ಟಿಗೆ ಸಾಯುವುದಿಲ್ಲ. ಆದ್ದರಿಂದ ಫ್ಯೂಸ್ ಅಥವಾ ಸ್ವಿಚ್. ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲಿ ‘ಸ್ಟಾಪ್’ ಅಂತ ಬರೆದಿರುವುದನ್ನು ಹುಡುಕಿ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್ ಇರುತ್ತದೆ. ಕೆಲವು ಹೋಂಡಾ ಕಾರುಗಳಲ್ಲಿ ಹಾರ್ನಿಗೂ ಸ್ಟಾಪ್ ಲೈಟಿಗೂ ಒಂದೇ ಫ್ಯೂಸು, ಹಾಗಾಗಿ ಒಮ್ಮೆ ಹಾರ್ನ್ ಹೊಡೆದರೆ ಬಾನೆಟ್ ತೆಗೆಯದೆಯೇ ಉತ್ತರ ಸಿಗುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ‘ಪದೇ ಪದೇ ಸುಡ್ತಿದೆ’ ಅಂತ 30 ಆಂಪಿಯರ್ ಹಾಕುವವರನ್ನು ನೋಡಿದ್ದೇನೆ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ.

ಹೊಸ ಫ್ಯೂಸೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಇತ್ತೀಚೆಗೆ ಏನಾದರೂ ಹೆಚ್ಚುವರಿ ಹಾಕಿಸಿದ್ದೀರಾ ನೆನಪಿಸಿಕೊಳ್ಳಿ. ಮಿಣಮಿಣ ಬ್ರೇಕ್ ಲೈಟು, ಹಿಂದಿನ ಕ್ಯಾಮೆರಾ, ಸ್ಪಾಯ್ಲರಿನಲ್ಲಿ ಎಲ್‌ಇಡಿ ಪಟ್ಟಿ. ಇವುಗಳ ವೈರನ್ನು ಡಿಕ್ಕಿಯ ಮೂಲೆಯಲ್ಲಿ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳೂ ಈ ಪಟ್ಟಿಯಲ್ಲಿ ಮೇಲೆಯೇ ಇವೆ.

ಫ್ಯೂಸ್ ಸರಿಯಿದ್ದರೆ ಟಾರ್ಚ್ ಹಿಡಿದು ಬ್ರೇಕ್ ಪೆಡಲಿನ ತೋಳಿನ ಮೇಲ್ಗಡೆ ನೋಡಿ. ಅಲ್ಲೊಂದು ಸಣ್ಣ ಸ್ವಿಚ್ ಇರುತ್ತದೆ. ಬಹಳಷ್ಟು ಕಾರುಗಳಲ್ಲಿ ಅದಕ್ಕೊಂದು ಮೂತಿ, ಪೆಡಲ್ ಮೇಲಿದ್ದಾಗ ಆ ಮೂತಿ ಒಳಗೆ ಒತ್ತಿಕೊಂಡಿರುತ್ತದೆ, ಪೆಡಲ್ ಕೆಳಗೆ ಹೋದಾಗ ಹೊರಗೆ ಬಂದು ಲೈಟ್ ಹತ್ತಿಸುತ್ತದೆ. ಸಾಕೆಟ್ ಸಡಿಲ ಆಗಿರಬಹುದು, ಸ್ವಿಚ್ಚೇ ಜಾಗ ಬಿಟ್ಟು ಸರಿದಿರಬಹುದು, ಒಳಗಿನ ಕಾಂಟ್ಯಾಕ್ಟ್ ಸವೆದಿರಬಹುದು. ಸ್ವಿಚ್ ಬದಲಿಸುವುದು ಕಷ್ಟವಲ್ಲ, ಬೆನ್ನು ನೋವಿನ ಕೆಲಸ ಅಷ್ಟೇ. ತಲೆ ಕೆಳಗೆ, ಕಾಲು ಹೊರಗೆ.

ಈಗ ನನ್ನ ಕಥೆ

ನನ್ನ ಕಾರಿನಲ್ಲಿ ಆಗಿದ್ದು ಇದರ ಉಲ್ಟಾ. ಮೊದಲ ದಿನ ಪಕ್ಕದ ಮನೆಯವರ ಕಾರಿನಿಂದ ಜಂಪ್ ಮಾಡಿದೆವು, ಸ್ಟಾರ್ಟ್ ಆಯಿತು, ಗೇರ್ ಬೆಣ್ಣೆಯ ಹಾಗೆ ಬಂತು. ಎರಡು ದಿನ ಬಿಟ್ಟು ಮತ್ತೆ ಅದೇ. ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ಅಂಗಡಿಯವನು ಮೀಟರ್ ಇಟ್ಟು "ಹೋಗಿದೆ ಸಾರ್" ಅಂದ. ಹೊಸದು ಹಾಕಿಸಿದೆ. ಐದನೇ ದಿನ ಬೆಳಿಗ್ಗೆ ಹೊಸ ಬ್ಯಾಟರಿಯೂ ಖಾಲಿ, ಲಿವರ್ ಪಿಯಲ್ಲೇ ಗಟ್ಟಿ.

ಸುಳಿವು ಕೊಟ್ಟಿದ್ದು ಅದೇ ವಾಚ್‌ಮನ್. "ಸಾರ್, ರಾತ್ರಿಯೆಲ್ಲ ನಿಮ್ಮ ಗಾಡಿ ಹಿಂದೆ ಕೆಂಪು ಲೈಟ್ ಉರೀತಾ ಇತ್ತಲ್ಲ, ನೀವೇ ಹಾಕಿ ಹೋಗಿದ್ದೀರಿ ಅಂದ್ಕೊಂಡೆ" ಅಂದ. ಮ್ಯಾಟ್ ಎತ್ತಿ ನೋಡಿದರೆ ಕಂದು ಬಣ್ಣದ ಪ್ಲಾಸ್ಟಿಕ್ ಪುಡಿ. ಹುರಿದ ಕಡಲೆ ಸಿಪ್ಪೆಯ ಹಾಗೆ. ಅದನ್ನು ನಾನು ಹಿಂದಿನ ವಾರವೇ ನೋಡಿದ್ದೆ, ಮಗಳ ಬಿಸ್ಕತ್ತು ಇರಬೇಕು ಅಂತ ಗುಡಿಸಿ ಹಾಕಿದ್ದೆ.

ವಿಷಯ ಇಷ್ಟೇ. ಪೆಡಲಿನ ತೋಳಿನಲ್ಲಿ ಒಂದು ತೂತು ಇರುತ್ತದೆ, ಅದಕ್ಕೊಂದು ಪ್ಲಾಸ್ಟಿಕ್ ಅಥವಾ ರಬ್ಬರಿನ ಸ್ಟಾಪರ್ ಕೂರಿಸಿರುತ್ತಾರೆ. ಸ್ವಿಚ್ಚಿನ ಮೂತಿ ಒತ್ತಿಕೊಳ್ಳುವುದು ಆ ಸ್ಟಾಪರಿಗೆ. ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಅದು ಪುಡಿಯಾದರೆ ಮೂತಿ ಸೀದಾ ತೂತಿನೊಳಗೆ ಹೋಗುತ್ತದೆ. ಆಗ ಕಾರಿನ ಪ್ರಕಾರ ನಿಮ್ಮ ಕಾಲು ಯಾವಾಗಲೂ ಬ್ರೇಕ್ ಮೇಲೆಯೇ ಇದೆ. ಲೈಟ್ ಆರುವುದೇ ಇಲ್ಲ, ಕಾರು ಲಾಕ್ ಮಾಡಿ ಹೋದ ಮೇಲೂ. 21 ವಾಟಿನ ಎರಡು ಬಲ್ಬು ಅಂದರೆ 42 ವಾಟ್, ಅಂದರೆ 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಕರೆಂಟು. 35 ಆಂಪಿಯರ್-ಗಂಟೆಯ ಬ್ಯಾಟರಿ ಹತ್ತು ಗಂಟೆಯಲ್ಲಿ ನೆಲ ಕಚ್ಚುತ್ತದೆ. ರಾತ್ರಿ ಒಂಬತ್ತಕ್ಕೆ ನಿಲ್ಲಿಸಿ ಬೆಳಿಗ್ಗೆ ಏಳೂವರೆಗೆ ಬಂದರೆ ಲೆಕ್ಕ ಸರಿಹೋಯಿತಲ್ವಾ? ಬ್ಯಾಟರಿ ಸತ್ತಿತು, ಸೊಲೆನಾಯ್ಡಿಗೆ ಕರೆಂಟಿಲ್ಲ, ಲಿವರ್ ಪಿಯಲ್ಲಿ ಬಂದಿ.

ಇನ್ನೊಂದು ಸುಳಿವೂ ನನ್ನ ಕಣ್ಣೆದುರೇ ಇತ್ತು. ಆ ದಿನಗಳಲ್ಲಿ ಬ್ರೇಕ್ ಒತ್ತದೆಯೂ ಗೇರ್ ಬರುತ್ತಿತ್ತು. ಆದರೆ ಯಾರು ಬ್ರೇಕ್ ಒತ್ತದೆ ಗೇರ್ ತೆಗೆಯುತ್ತಾರೆ? ಹಾಗಾಗಿ ಗೊತ್ತೇ ಆಗಲಿಲ್ಲ. ಹೊಸ ಸ್ಟಾಪರ್ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ಅದು ಸಿಗುವ ತನಕ ತೂತಿಗೆ ಒಂದು ಸಣ್ಣ ಬೋಲ್ಟ್-ನಟ್ ಬಿಗಿದು ಓಡಿಸಿದೆ. ಅದರ ತಲೆಗೆ ಮೂತಿ ಒತ್ತಿಕೊಳ್ಳುತ್ತದೆ, ಲೈಟ್ ಆರುತ್ತದೆ.

ಲೈಟ್ ಇದೆ, ‘ಟಕ್’ ಇಲ್ಲ

ಈಗ ಅನುಮಾನ ಸೊಲೆನಾಯ್ಡ್ ಮೇಲೆ, ಅದಕ್ಕೆ ಹೋಗುವ ವೈರಿನ ಮೇಲೆ, ಅದನ್ನು ಆಳುವ ಯೂನಿಟ್ ಮೇಲೆ. ಕನ್ಸೋಲ್, ಅಂದರೆ ಲಿವರಿನ ಸುತ್ತಲಿನ ಪ್ಲಾಸ್ಟಿಕ್ ಕವಚ, ಬಿಚ್ಚಬೇಕು. ಮಲ್ಟಿಮೀಟರ್ ಇರುವವರು ಇಗ್ನಿಷನ್ ಆನ್ ಮಾಡಿ, ಬ್ರೇಕ್ ಒತ್ತಿಸಿ, ಸೊಲೆನಾಯ್ಡಿನ ಸಾಕೆಟ್ಟಿಗೆ 12 ವೋಲ್ಟ್ ಬರುತ್ತಿದೆಯಾ ನೋಡಬಹುದು. ಬರುತ್ತಿದ್ದೂ ಟಕ್ ಅನ್ನದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಪಿನ್ನು ಕಚ್ಚಿಕೊಂಡಿದೆ. ಬರದಿದ್ದರೆ ತಪ್ಪು ಹಿಂದೆಲ್ಲೋ ಇದೆ.

ಇಲ್ಲಿ ಒಂದು ಮೋಸ ಇದೆ. ಈಗಿನ ಎಷ್ಟೋ ಕಾರುಗಳ ಬ್ರೇಕ್ ಸ್ವಿಚ್ಚಿನಲ್ಲಿ ಎರಡು ಕಾಂಟ್ಯಾಕ್ಟ್ ಇರುತ್ತವೆ, ಒಂದು ಲೈಟಿಗೆ, ಇನ್ನೊಂದು ಕಂಪ್ಯೂಟರಿಗೆ. ಲೈಟಿನದು ಸರಿಯಿದ್ದು ಇನ್ನೊಂದು ಕೆಟ್ಟರೆ ಲೈಟ್ ಹತ್ತುತ್ತದೆ, ಗೇರ್ ಬರುವುದಿಲ್ಲ. ಕ್ರೂಸ್ ಕಂಟ್ರೋಲ್ (ಕಾರೇ ಒಂದೇ ವೇಗ ಕಾಯ್ದುಕೊಳ್ಳುವ ಸೌಲಭ್ಯ) ಕೂಡ ಕೈ ಕೊಟ್ಟಿದ್ದರೆ ಅನುಮಾನ ಗಟ್ಟಿ. ಸ್ಕ್ಯಾನರ್ ಹಾಕಿದರೆ ಬ್ರೇಕ್ ಆನ್ ಅಥವಾ ಆಫ್ ಅಂತ ಕಂಪ್ಯೂಟರಿಗೆ ಕಾಣುತ್ತಿರುವುದು ಬಯಲಾಗುತ್ತದೆ. ಕನ್ಸೋಲ್ ಬಿಚ್ಚಿಸುವ ಮುಂಚೆ ಇದನ್ನು ಮಾಡಿಸಿ.

ಲೈಟೂ ಇದೆ, ಟಕ್ ಕೂಡ ಇದೆ, ಆದರೂ ಬರಲ್ಲ

ವಿದ್ಯುತ್ತಿನ ಕಡೆ ಎಲ್ಲ ಸರಿ. ಇನ್ನು ಕಬ್ಬಿಣ, ಸಕ್ಕರೆ, ಅಥವಾ ಇಳಿಜಾರು.

ಸಕ್ಕರೆ ಅಂದದ್ದು ತಮಾಷೆಗಲ್ಲ. ಕಪ್ ಹೋಲ್ಡರ್ ಲಿವರಿನ ಪಕ್ಕದಲ್ಲೇ ಇರುತ್ತದೆ. ಚೆಲ್ಲಿದ ಕಾಫಿ, ಟೀ, ಕಬ್ಬಿನ ಹಾಲು ಒಳಗೆ ಇಳಿದು ಒಣಗಿ ಅಂಟಾಗುತ್ತದೆ, ಆಮೇಲೆ ಲಿವರಿನ ಬಟನ್ ಒತ್ತಿದರೆ ನಿಧಾನಕ್ಕೆ ಮೇಲೆ ಬರುತ್ತದೆ ಅಥವಾ ಬರುವುದೇ ಇಲ್ಲ. ಕನ್ಸೋಲಿನ ಮೇಲ್ಪಟ್ಟಿ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರೆ ಹೋಗುತ್ತದೆ. ಎಣ್ಣೆ ಸ್ಪ್ರೇ ಸುರಿಯಬೇಡಿ, ಧೂಳು ಕೂತು ಇನ್ನೂ ಕೆಡುತ್ತದೆ. ಲಿವರ್ ಓಡಾಡುವ, ಮೆಟ್ಟಿಲು ಮೆಟ್ಟಿಲಾಗಿ ಇರುವ ಸಂದಿಯಲ್ಲಿ ಒಂದು ರೂಪಾಯಿ ನಾಣ್ಯ ಬಿದ್ದಿದ್ದೂ ಇದೆ. ಟಾರ್ಚ್ ಹಾಕಿ ನೋಡಿ.

ಇಳಿಜಾರಿನ ಅನುಭವ ನನಗೆ ಮಡಿಕೇರಿಯಲ್ಲಿ ಆಯಿತು. ಹೋಮ್‌ಸ್ಟೇ ಅಂಗಳ, ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದೆ, ಪಿ ಹಾಕಿ ಬ್ರೇಕ್ ಬಿಟ್ಟು ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದಿದ್ದೆ. ಬೆಳಿಗ್ಗೆ ಲಿವರ್ ಕಲ್ಲು. ಏನಾಗಿತ್ತು ಅಂದರೆ ಸಾವಿರಾರು ಕಿಲೋದ ಕಾರು, ಮೇಲೆ ಲಗೇಜು, ಎಲ್ಲ ಭಾರವೂ ಆ ಪುಟ್ಟ ಪಾಲ್ ಮೇಲೆ ಕೂತಿತ್ತು. ಹಲ್ಲಿಗೆ ಒತ್ತಿಕೊಂಡ ಪಾಲ್ ಹೊರಗೆ ಜಾರಲು ಒಪ್ಪುವುದಿಲ್ಲ. ಒತ್ತಾಯ ಮಾಡಿ ಎಳೆದರೆ ‘ಢಬ್’ ಅಂತ ಬರುತ್ತದೆ, ಕೇಬಲ್ ಕಿತ್ತರೂ ಕಿತ್ತಿತು.

ಪರಿಹಾರ ಭಾರ ತೆಗೆಯುವುದು. ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಮೇಲೆ ಕಾಲಿಟ್ಟು ಕೂರಿ, ಇಬ್ಬರು ಮೂವರು ಕೆಳಗಿನ ದಿಕ್ಕಿನಲ್ಲಿ ಕಾರಿನ ನೇರಕ್ಕೆ ನಿಲ್ಲದೆ ಕಾರಿನ ಪಕ್ಕದ ಬಾಗಿಲ ಕಂಬಗಳನ್ನು ಹಿಡಿದು ಮೇಲಕ್ಕೆ ತಳ್ಳಲಿ. ಅವರು ತಳ್ಳುವಾಗ ಮಾತ್ರ ನೀವು ಬ್ರೇಕ್ ಒಂಚೂರು ಸಡಿಲಿಸಿ, ಕಾರು ಒಂದೆರಡು ಇಂಚು ಹತ್ತಿದ ಕೂಡಲೇ ಗಟ್ಟಿಯಾಗಿ ತುಳಿದು ಲಿವರ್ ಎಳೆಯಿರಿ. ಹ್ಯಾಂಡ್‌ಬ್ರೇಕ್ ಆ ಕ್ಷಣಕ್ಕೆ ಬಿಡಬೇಕಾಗುತ್ತದೆ, ಆದ್ದರಿಂದ ಚಕ್ರದಿಂದ ಒಂದು ಗೇಣು ಕೆಳಗೆ ಕಲ್ಲು ಇರಲಿ. ತುಂಬಾ ಕಡಿದಾಗಿದ್ದರೆ ಜನರ ಬದಲು ಇನ್ನೊಂದು ಗಾಡಿಯಿಂದ ಮೇಲಕ್ಕೆ ಎಳೆಸಿ.

ಮುಂದಿನ ಸಲ ಹೀಗೆ ಮಾಡಿ: ಕಾಲು ಬ್ರೇಕ್ ಮೇಲಿಟ್ಟು ಎನ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ಸಡಿಲಿಸಿ ಕಾರಿನ ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ, ಮತ್ತೆ ಬ್ರೇಕ್ ತುಳಿದು ಪಿ ಹಾಕಿ. ಹೊರಡುವಾಗ ಮೊದಲು ಪಿ ಬಿಡಿಸಿ, ಆಮೇಲೆ ಹ್ಯಾಂಡ್‌ಬ್ರೇಕ್.

ಕೊನೆಯದೊಂದು ಬೇರೆ ಜಾತಿಯ ತೊಂದರೆ. ಲಿವರ್ ಸಲೀಸಾಗಿ ಬರುತ್ತದೆ, ಆದರೆ ಮೀಟರಿನಲ್ಲಿ ಪಿ ಅಂತಲೇ ಇದೆ, ಕಾರೂ ಕದಲುವುದಿಲ್ಲ. ಕೇಬಲ್ಲನ್ನು ಗೇರ್‌ಬಾಕ್ಸಿಗೆ ಜೋಡಿಸುವ ತುದಿಯ ಬುಷ್ ಕಿತ್ತುಹೋಗಿದೆ ಅಂತ ಅರ್ಥ. ಇದು ಅಪಾಯದ್ದು, ಯಾಕೆಂದರೆ ಇದರ ಉಲ್ಟಾ ಕೂಡ ಆಗಬಹುದು: ಲಿವರ್ ಪಿ ತೋರಿಸುತ್ತದೆ, ಗೇರ್‌ಬಾಕ್ಸ್ ಪಿಯಲ್ಲಿ ಇರುವುದಿಲ್ಲ. ಇದೇ ಬುಷ್ಷಿಗಾಗಿ 2022ರಲ್ಲಿ ಫೋರ್ಡ್ ಅಮೆರಿಕದಲ್ಲಿ ಸುಮಾರು 29 ಲಕ್ಷ ವಾಹನಗಳನ್ನು ವಾಪಸ್ ಕರೆಸಿತ್ತು. ಹೀಗಾದರೆ ಓಡಿಸಬೇಡಿ.

ಈಗಲೇ ಹೊರಡಬೇಕು ಅಂದರೆ

ಹೆಚ್ಚಿನ ಲಿವರ್ ಕಾರುಗಳಲ್ಲಿ ಒಂದು ಕಳ್ಳದಾರಿ ಇಟ್ಟಿರುತ್ತಾರೆ. ಲಿವರಿನ ಪಕ್ಕದಲ್ಲಿ ಬೆರಳ ತುದಿಯಷ್ಟು ಮುಚ್ಚಳ, ಕೆಲವು ಟೊಯೊಟಾಗಳಲ್ಲಿ ‘ಶಿಫ್ಟ್ ಲಾಕ್’ ಅಂತಲೇ ಬರೆದಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರಿನಿಂದ ಆ ಮುಚ್ಚಳ ಎಬ್ಬಿಸಿ. ಒಳಗೆ ಕೀಲಿ ಅಥವಾ ಸ್ಕ್ರೂಡ್ರೈವರ್ ಇಳಿಸಿ ಒತ್ತಿ ಹಿಡಿದು, ಲಿವರಿನ ಬಟನ್ ಒತ್ತಿ ಎನ್‌ಗೆ ಎಳೆಯಿರಿ. ಎನ್‌ನಲ್ಲೇ ಎಂಜಿನ್ ಸ್ಟಾರ್ಟ್ ಆಗುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಅನ್ನುವುದು ಮ್ಯಾನುಯಲ್ಲಿನಲ್ಲಿ ಇರುತ್ತದೆ, ಇವತ್ತು ರಾತ್ರಿಯೇ ನೋಡಿಟ್ಟುಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ಹುಡುಕುವುದು ಬೇಡ.

ಆದರೆ ಬ್ರೇಕ್ ಲೈಟ್ ಹತ್ತದ ಕಾರಣಕ್ಕೆ ಲಾಕ್ ಆಗಿದ್ದರೆ, ನೀವು ಈಗ ಬ್ರೇಕ್ ಲೈಟ್ ಇಲ್ಲದ ಕಾರನ್ನು ರಸ್ತೆಗೆ ಇಳಿಸುತ್ತಿದ್ದೀರಿ. ಹಿಂದಿನವನಿಗೆ ನೀವು ನಿಲ್ಲುವುದು ಗೊತ್ತಾಗುವುದಿಲ್ಲ. ಹತ್ತಿರದ ಗ್ಯಾರೇಜಿಗೆ ನಿಧಾನಕ್ಕೆ ಹೋಗಿ, ಹೆದ್ದಾರಿಗೆ ಬೇಡ.

ಇದೂ ಆಗಲಿಲ್ಲ, ಟೋ ಮಾಡಿಸಬೇಕು ಅಂದರೆ ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ. ಪಿಯಲ್ಲಿರುವಾಗ ಎಂಜಿನ್ ಓಡಿಸುವ ಚಕ್ರಗಳು ಬಿಗಿದಿರುತ್ತವೆ. ಮುಂದಿನ ಚಕ್ರ ಓಡಿಸುವ ಕಾರಿನ ಹಿಂಭಾಗ ಎತ್ತಿ ದರದರ ಎಳೆದುಕೊಂಡು ಹೋದರೆ ಟೈರ್ ಸವೆದು ಗೇರ್‌ಬಾಕ್ಸೂ ಹೋಗುತ್ತದೆ. ‘ಏನಾಗಲ್ಲ ಬನ್ನಿ’ ಅನ್ನುವವರು ಗೇರ್‌ಬಾಕ್ಸಿನ ದುಡ್ಡು ಕೊಡುವುದಿಲ್ಲ.

ಗ್ಯಾರೇಜಿಗೆ ಫೋನ್ ಮಾಡುವಾಗ "ಗೇರ್ ಸಿಕ್ಕಿಕೊಂಡಿದೆ" ಅಂತಷ್ಟೇ ಹೇಳಬೇಡಿ, ಅವರು ಸೀದಾ ಗೇರ್‌ಬಾಕ್ಸ್ ಕಡೆ ನೋಡುತ್ತಾರೆ. "ಮೀಟರ್ ಲೈಟ್ ಚೆನ್ನಾಗಿದೆ, ಬ್ರೇಕ್ ಲೈಟ್ ಹತ್ತುತ್ತೆ, ಟಕ್ ಸದ್ದು ಬರಲ್ಲ, ಸಮತಟ್ಟು ಜಾಗದಲ್ಲಿ ನಿಂತಿದೆ" ಅಂತ ಹೇಳಿ. ಮೆಕ್ಯಾನಿಕ್ ಸರಿಯಾದ ಸಾಮಾನು ಹಿಡಿದುಕೊಂಡೇ ಬರುತ್ತಾನೆ.